ನರದ ಹೊದಿಕೆಯನ್ನು ಕಂಡ ಥಿಯೊಡೋರ್ ಶ್ವಾನ್

ಲೋಕವು ಮಹನೀಯರನ್ನು ಅವರ ದೊಡ್ಡ ಕಾರ್ಯಗಳಿಗಾಗಿ ನೆನೆಯುವುದು ವಾಡಿಕೆ. ಆದರೆ ಕೆಲವರು ಮಾಡಿದ ಸಣ್ಣ ಕಾರ್ಯವನ್ನೂ ಕಾಲವು ಮೆಲ್ಲಮೆಲ್ಲನೆ ಬೆಳೆಯಿಸಿ, ಅದರ ಹಿರಿಮೆಯನ್ನು ಹಿಂದಿನಿಂದ ತೋರಿಸಿಕೊಡುತ್ತದೆ. ಥಿಯೊಡೋರ್ ಶ್ವಾನ್ ಎಂಬ ಜರ್ಮನ್ ವಿಜ್ಞಾನಿಯ ಚರಿತ್ರೆಯು ಅಂಥದು. ಪ್ರಾಣಿಗಳ ದೇಹವೆಲ್ಲವೂ ಜೀವಕೋಶಗಳಿಂದಾದುದೆಂದು ಸಾರಿದವನು ಈತನೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೆಲ್ಲರೂ ಹೈಸ್ಕೂಲಿನ ಜೀವಶಾಸ್ತ್ರದ ಪಾಠದಲ್ಲಿ ಓದಿದವರೇ. ಈ ಹೆಸರು ಬಂದೊಡನೆ ತರಗತಿಯಲ್ಲಿ ನಗೆಯೇಳುವುದನ್ನೂ ಅವರು ಮರೆತಿರಲಾರರು. ಕನ್ನಡದ ಕಿವಿಗೆ ಅದು ನಾಯಿಯ ಹೆಸರಾಗಿ ಕೇಳಿಸುತ್ತದೆಯಷ್ಟೆ. ಜರ್ಮನ್ ಭಾಷೆಯಲ್ಲಾದರೋ ಅದೇ ಉಚ್ಚಾರವುಳ್ಳ ಶಬ್ದಕ್ಕೆ ಹಂಸವೆಂದರ್ಥ. ಹಾಲನ್ನೂ ನೀರನ್ನೂ ಬೇರ್ಪಡಿಸುವುದೆಂದು ನಮ್ಮ ಕವಿಗಳು ಕೊಂಡಾಡುವ ಆ ಪಕ್ಷಿಯ ಹೆಸರು ಈ ಸತ್ಯಶೋಧಕನಿಗೆ ತಕ್ಕುದಾಗಿಯೇ ಇದೆಯೆಂದು ನಾವು ಎಣಿಸುತ್ತೇವೆ.

ಜೀವಕೋಶದ ಸಿದ್ಧಾಂತವನ್ನು ಎಲ್ಲರೂ ಬಲ್ಲರು. ಅದೇ ಕಾಲದಲ್ಲಿ ಈತನು ನರತಂತುವಿನ ಮೇಲಿರುವ ತೆಳುವಾದ ಹೊದಿಕೆಯನ್ನು ಕಂಡು ವರ್ಣಿಸಿದುದನ್ನು ಬಲ್ಲವರು ಕಡಮೆ. ಆ ಹೊದಿಕೆಯಲ್ಲಿರುವ ಪ್ರೋಟೀನುಗಳನ್ನು ಇಂದು ಪ್ರಯೋಗಶಾಲೆಗಳಲ್ಲಿ ಮಾನವನ ದೇಹದ ಹೊರಗೆಯೇ ತಯಾರಿಸಿ, ಪುಟ್ಟ ಸೀಸೆಗಳಲ್ಲಿ ತುಂಬಿ, ಸಂಶೋಧಕರು ಬಳಸುತ್ತಿದ್ದಾರೆ. ಕೈಕಾಲುಗಳ ಜೋಮು, ಕಣ್ಣಿನ ದೃಷ್ಟಿ, ಮಕ್ಕಳ ನಡಿಗೆ ಇವೆಲ್ಲವೂ ಆ ಹೊದಿಕೆಯ ಸುಸ್ಥಿತಿಯನ್ನು ಅವಲಂಬಿಸಿರುವುದರಿಂದ, ಅದನ್ನು ಕಂಡವನ ಜೀವನವನ್ನು ಪೋಷಕರಿಗೂ ಹಳೆಯ ವಿದ್ಯಾರ್ಥಿನಿಯರಿಗೂ ಸಂಗ್ರಹವಾಗಿ ತಿಳಿಸಲು ಬಯಸುತ್ತೇವೆ.

ಶ್ವಾನನು 1810ನೆಯ ಇಸವಿ ಡಿಸೆಂಬರ್ 7ರಂದು ರೈನ್ ನದಿಯ ಬಳಿಯ ನಾಯ್ಸ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಮೊದಲು ಅಕ್ಕಸಾಲಿಗನಾಗಿದ್ದು, ಬಳಿಕ ಅಚ್ಚುಕೂಟವನ್ನು ನಡೆಯಿಸುವವನಾದನು. ಹದಿಮೂರು ಮಂದಿ ಮಕ್ಕಳಲ್ಲಿ ಇವನು ನಾಲ್ಕನೆಯವನು. ಅಕ್ಕಸಾಲೆಯ ಸೂಕ್ಷ್ಮವಾದ ಕೈಗೆಲಸವನ್ನೂ ಅಚ್ಚುಮೊಳೆಗಳ ಅಚ್ಚುಕಟ್ಟನ್ನೂ ಕಂಡು ಬೆಳೆದ ಬಾಲಕನು ತಾನೇ ಸಣ್ಣ ಸಣ್ಣ ಯಂತ್ರಗಳನ್ನು ಮಾಡಿ ನೋಡುವ ಹವ್ಯಾಸವನ್ನು ಬೆಳೆಸಿಕೊಂಡನು. ಸ್ವಭಾವತಃ ಅವನು ಸಂಕೋಚಶೀಲನು, ಮಿತಭಾಷಿ, ದೈವಭಕ್ತನು. ಕೊಲೋನ್ ನಗರದ ಶಾಲೆಯಲ್ಲಿ ಓದಿ, 1829ರಲ್ಲಿ ಬಾನ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಪಾದ್ರಿಯಾಗಬೇಕೆಂಬ ಆಲೋಚನೆಯೂ ಅವನಿಗಿತ್ತು. ಆದರೆ ಅಲ್ಲಿ ಯೊಹಾನೆಸ್ ಮ್ಯೂಲರ್ ಎಂಬ ಶರೀರಶಾಸ್ತ್ರದ ಆಚಾರ್ಯನ ಪರಿಚಯವಾದುದು ಅವನ ಬಾಳಿನ ದಾರಿಯನ್ನೇ ತಿರುಗಿಸಿತು. ಒಬ್ಬ ಒಳ್ಳೆಯ ಉಪಾಧ್ಯಾಯನು ದೊರೆಯುವುದರಿಂದ ಶಿಷ್ಯನಿಗಾಗುವ ಉಪಕಾರವೆಷ್ಟೆಂಬುದಕ್ಕೆ ಇದು ಒಂದು ನಿದರ್ಶನ.

ಗುರುವು ಬರ್ಲಿನ್ನಿಗೆ ಹೋದಾಗ ಶಿಷ್ಯನೂ ಹಿಂಬಾಲಿಸಿದನು. 1834ರಲ್ಲಿ ವೈದ್ಯ ಪದವಿಗಾಗಿ ಅವನು ಬರೆದ ಪ್ರಬಂಧವು ಮೊಟ್ಟೆಯೊಳಗಿನ ಕೋಳಿಮರಿಯನ್ನು ಕುರಿತದ್ದು. ಕಾವಿಗೆ ಕುಳಿತ ಮೊಟ್ಟೆಯೊಳಗಿನ ಜೀವವು ಬೆಳೆಯಬೇಕಾದರೆ ಅದಕ್ಕೂ ಗಾಳಿಯು ಬೇಕೆಂಬುದನ್ನು ಅವನು ಪ್ರಯೋಗಗಳಿಂದ ತೋರಿಸಿದನು. ಮುಂದಿನ ಐದು ವರ್ಷಗಳಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಇವನು ಮಾಡಿದಷ್ಟು ಕೆಲಸವನ್ನು ಅನೇಕರು ಒಂದು ಜೀವಮಾನದಲ್ಲಿ ಮಾಡಲಾರರು. 1836ರಲ್ಲಿ ಜಠರರಸದಲ್ಲಿ ಆಹಾರವನ್ನು ಕರಗಿಸುವ ಪದಾರ್ಥವೊಂದಿರುವುದನ್ನು ಕಂಡುಹಿಡಿದು, ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟನು. 1837ರಲ್ಲಿ ಹುದುಗುವಿಕೆಯನ್ನು ಪರೀಕ್ಷಿಸಿ, ಸಕ್ಕರೆಯ ರಸವು ಹುಳಿತು ಮದ್ಯವಾಗುವುದಕ್ಕೆ ಯೀಸ್ಟೆಂಬ ಸಜೀವ ವಸ್ತುವೇ ಕಾರಣವೆಂದು ಹೇಳಿದನು. ರಸವನ್ನು ಕುದಿಸಿ, ಚೆನ್ನಾಗಿ ಕಾಯಿಸಿದ ಗಾಳಿಯನ್ನು ಮಾತ್ರ ಅದಕ್ಕೆ ಬಿಟ್ಟರೆ ಅದು ಹುದುಗದೆಂಬುದೂ, ಕೊಳೆಯುವಿಕೆಗೆ ಗಾಳಿಯಲ್ಲಿ ಬರುವ ಜೀವಾಣುಗಳು ಕಾರಣವೆಂಬುದೂ ಅವನ ಪ್ರಯೋಗಗಳಿಂದ ಕಂಡುಬಂದಿತು. ಲೂಯಿ ಪಾಸ್ತರನು ಈ ವಿಷಯವನ್ನು ಕೈಗೆತ್ತಿಕೊಳ್ಳುವುದಕ್ಕೆ ಇಪ್ಪತ್ತು ವರ್ಷ ಮೊದಲಿನ ಮಾತಿದು.

ಇದೇ ಕಾಲದಲ್ಲಿ ಒಂದು ದಿನ ಶ್ವಾನನು ಸಸ್ಯಶಾಸ್ತ್ರಜ್ಞನಾದ ಶ್ಲೈಡನ್ನನ ಸಂಗಡ ಊಟಕ್ಕೆ ಕುಳಿತಿದ್ದನು. ಗಿಡಮರಗಳ ಕೋಶಗಳಲ್ಲಿ ಕಾಣುವ ಬೀಜಕಣವನ್ನು ಕುರಿತು ಶ್ಲೈಡನ್ನನು ಮಾತನಾಡುತ್ತಿರಲು, ಅಂಥದೇ ಆಕಾರವನ್ನು ಗೊದಮೊಟ್ಟೆಯ ಬೆನ್ನಿನ ಎಳೆಯಲ್ಲಿ ತಾನು ಕಂಡಿರುವುದು ಶ್ವಾನನ ನೆನಪಿಗೆ ಬಂದಿತು. ಇಬ್ಬರೂ ಕೂಡಲೇ ಎದ್ದು ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡೂ ಒಂದೇ ಬಗೆಯೆಂದು ಒಪ್ಪಿದರು. ಅಲ್ಲಿಂದ ಮುಂದೆ ಶ್ವಾನನು ಎಲುಬು, ಮಾಂಸಖಂಡ, ಚರ್ಮ, ಗರಿ, ಹಲ್ಲು ಹೀಗೆ ಒಂದೊಂದನ್ನೂ ಪರೀಕ್ಷಿಸುತ್ತ ಹೋಗಿ, 1839ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಸಸ್ಯವೂ ಪ್ರಾಣಿಯೂ ಒಂದೇ ಬಗೆಯ ಇಟ್ಟಿಗೆಗಳಿಂದ ಕಟ್ಟಲ್ಪಟ್ಟ ಮನೆಗಳೆಂಬ ತತ್ತ್ವವು ಹೀಗೆ ಲೋಕಕ್ಕೆ ತಿಳಿಯಬಂದಿತು.

ಆ ಗ್ರಂಥದಲ್ಲಿ ನರಗಳ ಪರೀಕ್ಷೆಯೂ ಸೇರಿತ್ತು. ಹುಟ್ಟದ ಮರಿಗಳ ನರಗಳನ್ನು ಎಳೆಎಳೆಯಾಗಿ ಬಿಡಿಸಿ ನೋಡಿದಾಗ, ತಂತುವಿನ ಉದ್ದಕ್ಕೂ ಬೀಜಕಣಗಳಿಂದ ಕೂಡಿದ ಒಂದು ಪೊರೆಯು ಅವನಿಗೆ ಕಾಣಿಸಿತು. ಮುಂದಿನವರು ಆ ಕೋಶಗಳನ್ನು ಶ್ವಾನ್ ಕೋಶಗಳೆಂದೇ ಕರೆದರು. ಇದನ್ನು ತಿಳಿಯುವುದಕ್ಕೆ ನಮ್ಮ ತರೀಕೆರೆಯ ಕಡೆಯ ತೋಟಗಳ ಬಾಳೆಯ ಗಿಡವೇ ಸಾಕು. ಗೊನೆ ಕಡಿದ ಬಾಳೆಯನ್ನು ಅಡ್ಡಲಾಗಿ ಕೊಯ್ದರೆ, ಪಟ್ಟೆಯ ಮೇಲೆ ಪಟ್ಟೆ ಸುತ್ತಿಕೊಂಡು, ನಟ್ಟನಡುವೆ ಬಿಳಿಯ ದಿಂಡು ಕಾಣುತ್ತದೆ. ದಿಂಡಿನಂತೆ ನಡುವೆ ಹಾಯುವುದು ನರತಂತು. ಪಟ್ಟೆಗಳಂತೆ ಅದನ್ನು ಸುತ್ತಿಕೊಂಡಿರುವುದು ಹೊದಿಕೆ. ಕೊಬ್ಬಿನಿಂದಲೂ ಪ್ರೋಟೀನಿನಿಂದಲೂ ಆದ ಈ ಬಿಳಿಯ ಹೊದಿಕೆಗೆ 1854ರಲ್ಲಿ ವಿರ್ಖೋ ಎಂಬ ಜರ್ಮನ್ ವೈದ್ಯನು ಮೈಲಿನ್ ಎಂದು ಹೆಸರಿಟ್ಟನು. ಆದರೆ ಈ ಪಟ್ಟೆಗಳು ಸುತ್ತಿಕೊಳ್ಳುವ ಬಗೆಯನ್ನು ಶ್ವಾನನು ಕಾಣಲಿಲ್ಲ. ಅವನ ಕಾಲದ ಸೂಕ್ಷ್ಮದರ್ಶಕಕ್ಕೆ ಅಷ್ಟು ಶಕ್ತಿಯಿರಲಿಲ್ಲ. ಕೋಶಗಳು ಸಾಲಾಗಿ ಕೂಡಿಕೊಂಡು ನರತಂತುವೇ ಆಗುತ್ತದೆಂದು ಅವನು ತಿಳಿದಿದ್ದನು. ದ್ರವದಲ್ಲಿ ಹರಳು ಕಟ್ಟುವಂತೆ ಹೊಸ ಕೋಶಗಳು ಹುಟ್ಟುತ್ತವೆಂಬ ಅವನ ಊಹೆಯೂ ನಿಲ್ಲಲಿಲ್ಲ. ಕೋಶದಿಂದಲೇ ಕೋಶವು ಹುಟ್ಟುವುದೆಂದು ರೇಮಾಕ್ ಮತ್ತು ವಿರ್ಖೋ ಎಂಬವರು ಮುಂದೆ ಸಾಧಿಸಿದರು. ಆದರೂ ಅವನು ಕಂಡದ್ದು ಉಳಿಯಿತು, ಊಹಿಸಿದ್ದು ಕಳಚಿಬಿದ್ದಿತು. ವಿಜ್ಞಾನದಲ್ಲಿ ಪ್ರಾಮಾಣಿಕನಾದವನಿಗೆ ಇದು ಅಪಮಾನವಲ್ಲ.

ನಿಜವಾದ ಅಪಮಾನವು ಅವನಿಗೆ ಬೇರೆ ಕಡೆಯಿಂದ ಬಂದಿತು. ಯೀಸ್ಟು ಸಜೀವವೆಂಬ ಮಾತನ್ನು ಆ ಕಾಲದ ಹಿರಿಯ ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. 1839ರಲ್ಲಿ ಲೀಬಿಗ್ ಮತ್ತು ವ್ಯೋಲರ್ ಎಂಬ ಸುಪ್ರಸಿದ್ಧರಿಬ್ಬರು ತಮ್ಮ ಪತ್ರಿಕೆಯಲ್ಲಿ ಹೆಸರು ಹಾಕದೆ ಒಂದು ವಿಡಂಬನೆಯನ್ನು ಅಚ್ಚು ಹಾಕಿಸಿದರು. ಭಟ್ಟಿಯ ಪಾತ್ರೆಯಾಕಾರದ ಪುಟ್ಟ ಪ್ರಾಣಿಗಳು ಸಕ್ಕರೆಯನ್ನು ನುಂಗಿ ಮದ್ಯವನ್ನು ಹೊರಹಾಕುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡೆವೆಂದು ಅದರಲ್ಲಿ ಬರೆದು, ಯೀಸ್ಟಿಗೆ ಜೀವವುಂಟೆಂದವರನ್ನು ಲೋಕದ ನಗೆಗೆ ಈಡುಮಾಡಿದರು. ವಾದದಿಂದ ಗೆಲ್ಲುವುದಕ್ಕಿಂತ ನಗೆಯಿಂದ ಸೋಲಿಸುವುದು ಸುಲಭ. ಬಾನ್ ನಗರದಲ್ಲಿ ಆಚಾರ್ಯ ಪದವಿಗೆ ಅವನ ಹೆಸರು ಎದ್ದಿತ್ತು. ಅದು ಅವನಿಗೆ ದೊರೆಯಲಿಲ್ಲ. ಅದೇ ವರ್ಷ ಅವನು ತಾಯ್ನಾಡನ್ನು ಬಿಟ್ಟು, ಬೆಲ್ಜಿಯಂ ದೇಶದ ಲೂವೇನ್ ವಿಶ್ವವಿದ್ಯಾನಿಲಯಕ್ಕೆ ಅಂಗರಚನಾಶಾಸ್ತ್ರದ ಉಪಾಧ್ಯಾಯನಾಗಿ ಹೋದನು. ಒಂಬತ್ತು ವರ್ಷಗಳ ಬಳಿಕ, 1848ರಲ್ಲಿ, ಲಿಯೇಜ್ ನಗರದ ವಿಶ್ವವಿದ್ಯಾನಿಲಯವನ್ನು ಸೇರಿ, 1880ರ ವರೆಗೂ ಅಲ್ಲಿಯೇ ಇದ್ದನು.

ಬರ್ಲಿನ್ನಿನ ಆ ಐದು ವರ್ಷಗಳ ವೇಗವು ಮತ್ತೆ ಅವನ ಬರವಣಿಗೆಯಲ್ಲಿ ಕಾಣಲಿಲ್ಲ. ಇದರಿಂದ ಅವನ ಉಳಿದ ನಾಲ್ವತ್ತು ವರ್ಷಗಳನ್ನು ಬರಿದೆಂದು ತಿಳಿಯುವವರುಂಟು. ಬೋಧನೆಯ ಕೆಲಸದಲ್ಲಿರುವ ನಮಗೆ ಹಾಗೆ ಹೇಳಲು ಮನಸ್ಸು ಬಾರದು. ಅವನು ವರ್ಷವರ್ಷವೂ ಹೊಸ ವಿದ್ಯಾರ್ಥಿಗಳಿಗೆ ದೇಹದ ರಚನೆಯನ್ನು ತಾಳ್ಮೆಯಿಂದ ಬೋಧಿಸಿದನು. 1844ರಲ್ಲಿ ಪಿತ್ತರಸವಿಲ್ಲದೆ ಪ್ರಾಣಿಗಳು ಬದುಕಲಾರವೆಂಬುದನ್ನು ಪ್ರಯೋಗದಿಂದ ತಿಳಿಸಿದನು. 1845ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವನಿಗೆ ಕೋಪ್ಲಿ ಪದಕವನ್ನು ಕೊಟ್ಟಿತು. ಲಿಯೇಜಿನ ಸುತ್ತಮುತ್ತಲು ಕಲ್ಲಿದ್ದಲಿನ ಗಣಿಗಳು ಬಹಳ. ಗಣಿಯೊಳಗೆ ವಿಷವಾಯು ತುಂಬಿದಾಗ, ಸಿಕ್ಕಿಬಿದ್ದ ಕೂಲಿಗಳನ್ನು ರಕ್ಷಿಸಲು ಇಳಿಯುವವರೂ ಉಸಿರುಕಟ್ಟಿ ಸಾಯುವುದು ಸಾಮಾನ್ಯವಾಗಿತ್ತು. ಅಂಥವರು ಬೆನ್ನಿಗೆ ಕಟ್ಟಿಕೊಂಡು ಹೋಗಿ ಉಸಿರಾಡಬಹುದಾದ ಉಪಕರಣವೊಂದನ್ನು ಅವನು ಯೋಚಿಸಿ ರಚಿಸಿದನು. 1876ರಲ್ಲಿ ಅದನ್ನು ಬ್ರಸೆಲ್ಸ್ ನಗರದ ವಸ್ತುಪ್ರದರ್ಶನದಲ್ಲಿ ಇಡಲಾಯಿತು. ಮೊಟ್ಟೆಯೊಳಗಿನ ಮರಿಗೂ ಗಾಳಿ ಬೇಕೆಂದು ತರುಣದಲ್ಲಿ ತೋರಿಸಿದವನು, ಮುಪ್ಪಿನಲ್ಲಿ ನೆಲದೊಳಗಿನ ಕೂಲಿಗಾರರ ಉಸಿರಿಗಾಗಿ ದುಡಿದನು.

ಅವನ ಸತ್ಯನಿಷ್ಠೆಯನ್ನು ತೋರಿಸುವ ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಬೆಲ್ಜಿಯಂ ದೇಶದ ಒಂದು ಹಳ್ಳಿಯಲ್ಲಿ ಲೂಯಿಸ್ ಲಾತೋ ಎಂಬ ಹೆಣ್ಣುಮಗಳಿಗೆ 1868ರಿಂದ ಪ್ರತಿ ಶುಕ್ರವಾರವೂ ಕೈಕಾಲುಗಳಲ್ಲಿ ರಕ್ತವೊಸರುತ್ತಿದ್ದು, ಜನರು ಅದನ್ನು ಪವಾಡವೆಂದು ನಂಬಿದ್ದರು. 1869ರಲ್ಲಿ ಶ್ವಾನನನ್ನು ಪರೀಕ್ಷೆಗೆ ಕರೆಯಲಾಯಿತು. ಅವನು ಹೋಗಿ ನೋಡಿದನು. ಪವಾಡವೆಂದು ನಿರ್ಣಯಿಸಲು ಸಾಕಾದಷ್ಟು ಪರೀಕ್ಷೆ ನಡೆದಿಲ್ಲವೆಂಬುದೇ ಅವನ ಅಭಿಪ್ರಾಯವಾಗಿತ್ತು. ಆದರೆ ಅವನು ಅದನ್ನು ಪವಾಡವೆಂದು ಒಪ್ಪಿದನೆಂಬ ಸುದ್ದಿಯು ಪತ್ರಿಕೆಗಳಲ್ಲಿ ಹಬ್ಬಿತು. ಅವನಾದರೋ ದೃಢಭಕ್ತನು, ಸುಮ್ಮನಿದ್ದಿದ್ದರೆ ಸ್ವಮತದವರ ಪ್ರೀತಿಯು ಹೆಚ್ಚುತ್ತಿತ್ತು. 1875ರಲ್ಲಿ ಅವನು ತನ್ನ ನಿಜವಾದ ಅಭಿಪ್ರಾಯವನ್ನು ಅಚ್ಚು ಹಾಕಿಸಿ ಬಹಿರಂಗಪಡಿಸಿದನು. ಎದುರಾಳಿಗಳು ತನ್ನನ್ನು ನಕ್ಕಾಗ ಮೌನವಾಗಿದ್ದವನು, ತನ್ನ ಹೆಸರಿನಲ್ಲಿ ಅಸತ್ಯವು ಹರಡಿದಾಗ ಮೌನವಾಗಿರಲಿಲ್ಲ.

ಸಜ್ಜನರ ಮನ್ನಣೆಯು ತಡವಾಗಿಯಾದರೂ ಬಂದಿತು. ಯೀಸ್ಟಿನ ವಿಷಯದಲ್ಲಿ ಅವನು ಹೇಳಿದುದೇ ನಿಜವೆಂದು ಪಾಸ್ತರನ ಪ್ರಯೋಗಗಳು ಸ್ಥಾಪಿಸಿದವು. 1878ರಲ್ಲಿ ಲಿಯೇಜ್ ನಗರದಲ್ಲಿ ಅವನ ಅಧ್ಯಾಪನದ ಉತ್ಸವವು ನಡೆದಾಗ, ಯೂರೋಪಿನ ನಾನಾ ದೇಶಗಳ ವಿಜ್ಞಾನಿಗಳು ತಮ್ಮ ಭಾವಚಿತ್ರಗಳಿಗೆ ಸಹಿ ಹಾಕಿ ಕಾಣಿಕೆಯಾಗಿ ಕಳುಹಿಸಿದರು. ಪಾಸ್ತರನೂ ಅವನ ಋಣವನ್ನು ಒಪ್ಪಿಕೊಂಡನು. ಶ್ವಾನನು ಮದುವೆಯಾಗಲಿಲ್ಲ. 1882ರ ಜನವರಿ 11ರಂದು, ತನ್ನ ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ತಾನು ಬಾಲಕನಾಗಿ ಓದಿದ ಕೊಲೋನ್ ನಗರದಲ್ಲಿಯೇ ಅವನು ತೀರಿಕೊಂಡನು.

ಅವನ ಬಾಳು ಅಲ್ಲಿಗೆ ಮುಗಿಯಿತು. ಅವನು ಕಂಡ ಹೊದಿಕೆಯ ಕಥೆಯು ಮುಂದುವರಿಯಿತು. ಹೊದಿಕೆಯು ನರದ ಉದ್ದಕ್ಕೂ ಒಂದೇ ಸಮನಾಗಿಲ್ಲದೆ, ನಡುನಡುವೆ ಗೆಣ್ಣಿನಂತೆ ಬಿಟ್ಟುಕೊಂಡಿರುವುದನ್ನು ಫ್ರಾನ್ಸಿನ ರಾಂವಿಯೇ ಎಂಬವನು 1870ರ ದಶಕದ ಮೊದಲಲ್ಲಿ, ಶ್ವಾನನು ಬದುಕಿರುವಾಗಲೇ, ವರ್ಣಿಸಿದ್ದನು. ಈ ಗೆಣ್ಣುಗಳ ಪ್ರಯೋಜನವನ್ನು ನಮ್ಮ ರೈಲುಮಾರ್ಗದ ದೃಷ್ಟಾಂತದಿಂದ ಹೇಳಬಹುದು. ಕಡೂರಿನಿಂದ ಅಜ್ಜಂಪುರದ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿಯು ಪ್ರತಿ ನಿಲ್ದಾಣದಲ್ಲಿಯೂ ನಿಲ್ಲುತ್ತದೆ; ಎಕ್ಸ್‌ಪ್ರೆಸ್ ಗಾಡಿಯು ಸಣ್ಣ ನಿಲ್ದಾಣಗಳನ್ನು ಬಿಟ್ಟು ಬೀರೂರಿನಂಥ ಜಂಕ್ಷನ್ನುಗಳಲ್ಲಿ ಮಾತ್ರ ನಿಂತು ಬೇಗನೆ ಸೇರುತ್ತದೆ. ಹೊದಿಕೆಯಿಲ್ಲದ ನರದಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 1 ಮೀಟರಿನಂತೆ ತೆವಳಿದರೆ, ದಪ್ಪ ಹೊದಿಕೆಯುಳ್ಳ ನರದಲ್ಲಿ ಗೆಣ್ಣಿನಿಂದ ಗೆಣ್ಣಿಗೆ ನೆಗೆಯುತ್ತ ಸೆಕೆಂಡಿಗೆ 100 ಮೀಟರಿನಷ್ಟು ವೇಗವಾಗಿ ಓಡಬಲ್ಲುದು. ಹೊದಿಕೆಯು ಹರಿದರೆ ಸಂದೇಶವು ನಿಧಾನವಾಗುತ್ತದೆ, ಇಲ್ಲವೆ ನಿಂತೇಹೋಗುತ್ತದೆ.

ಶ್ವಾನನು ಕಾಣದೆ ಹೋದ ಸುತ್ತುವಿಕೆಯನ್ನು ಕಂಡುಹಿಡಿದವಳು ಒಬ್ಬ ಸ್ತ್ರೀಯೆಂಬುದನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು. 1954ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಬೆಟ್ಟಿ ಬೆನ್ ಗೆರೆನ್ ಎಂಬ ವೈದ್ಯೆಯು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೋಳಿಯ ಭ್ರೂಣದ ನರಗಳನ್ನು ನೋಡಿ, ಶ್ವಾನ್ ಕೋಶದ ಪೊರೆಯೇ ನರತಂತುವನ್ನು ಸುರುಳಿಸುರುಳಿಯಾಗಿ ಸುತ್ತಿಕೊಂಡು ಮೈಲಿನ್ ಆಗುವುದೆಂದು ತೋರಿಸಿಕೊಟ್ಟಳು. ಶ್ವಾನನ ಮೊದಲ ಪ್ರಬಂಧಕ್ಕೆ ಆಧಾರವಾದ ಅದೇ ಕೋಳಿಮರಿಯು, 120 ವರ್ಷಗಳ ಅನಂತರ, ಅವನ ಹೆಸರಿನ ಕೋಶದ ಗುಟ್ಟನ್ನೂ ಬಿಚ್ಚಿತು.

ಇನ್ನು ಸುತ್ತಿದ ಪಟ್ಟೆಗಳು ಬಿಚ್ಚಿಹೋಗದಂತೆ ಅಂಟಿಸಿರುವುದು ಯಾವುದೆಂಬ ಪ್ರಶ್ನೆಯು ಉಳಿಯಿತು. ಕೈಕಾಲುಗಳ ನರದ ಹೊದಿಕೆಯಲ್ಲಿರುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಂದೇ ಪ್ರೋಟೀನಾಗಿದ್ದು, ಅದಕ್ಕೆ ಪಿ-ಜೀರೋ ಎಂದು ಹೆಸರು. ಒಂದು ಸುತ್ತಿನ ಪಿ-ಜೀರೋ ಮುಂದಿನ ಸುತ್ತಿನ ಪಿ-ಜೀರೋವನ್ನು ಹಿಡಿದುಕೊಳ್ಳುವುದರಿಂದ ಪದರಗಳು ಒತ್ತಾಗಿ ಕುಳಿತಿರುತ್ತವೆ. ಕೆಲವು ಮನೆತನಗಳಲ್ಲಿ ಕಾಲಿನ ಮೀನಖಂಡಗಳು ಸೊರಗಿ, ಪಾದವು ಎತ್ತಲಾಗದೆ, ಮಕ್ಕಳು ಎಡವುತ್ತ ನಡೆಯುವ ರೋಗವೊಂದುಂಟು. 1886ರಲ್ಲಿ ಅದನ್ನು ವರ್ಣಿಸಿದ ಷಾರ್ಕೋ, ಮಾರಿ, ಟೂತ್ ಎಂಬ ಮೂವರ ಹೆಸರಿನಿಂದ ಅದನ್ನು ಕರೆಯುತ್ತಾರೆ. ಅದರಲ್ಲಿ ಒಂದು ಬಗೆಗೆ ಪಿ-ಜೀರೋವಿನ ವಂಶವಾಹಿಯಲ್ಲಿಯ ದೋಷವೇ ಕಾರಣವೆಂದು 1993ರಲ್ಲಿ ತಿಳಿದುಬಂದಿತು. ಪೂರ್ವಜನ್ಮದ ಪಾಪವೆಂದೋ ತಾಯಿಯ ಅಜಾಗ್ರತೆಯೆಂದೋ ಇಂಥ ಮಕ್ಕಳ ಮನೆಯವರನ್ನು ನಿಂದಿಸುವುದಕ್ಕೆ ಯಾವ ಆಧಾರವೂ ಇಲ್ಲವೆಂಬುದನ್ನು ಇದರಿಂದ ಅರಿಯಬೇಕು.

ವಂಶವಾಹಿಯೆಂದರೇನೆಂಬುದನ್ನು ಅಜ್ಜಂಪುರದವರಿಗೆ ವಿವರಿಸಬೇಕಾದುದಿಲ್ಲ. ಅಲ್ಲಿಯ ತಳಿಸಂವರ್ಧನ ಕೇಂದ್ರದಲ್ಲಿ ಅಮೃತಮಹಲ್ ಕರುವು ತಾಯಿತಂದೆಗಳ ನೀಳವಾದ ಕೊಂಬನ್ನೇ ಪಡೆದು ಬೆಳೆಯುವುದನ್ನು ಅವರು ಕಂಡಿದ್ದಾರೆ. ಕೊಂಬಿಗಾಗಲಿ, ನರದ ಹೊದಿಕೆಗಾಗಲಿ, ಹೇಗೆ ಕಟ್ಟಬೇಕೆಂಬ ಬರಹವು ಪ್ರತಿ ಕೋಶದಲ್ಲಿಯೂ ಇರುತ್ತದೆ. ಆ ಬರಹದ ಒಂದೊಂದು ಪ್ರಕರಣವೇ ವಂಶವಾಹಿ. ಮಾನವನ ಒಂದು ಪ್ರಕರಣವನ್ನು ನಕಲು ಮಾಡಿ ಬ್ಯಾಕ್ಟೀರಿಯಾದೊಳಕ್ಕೆ ಸೇರಿಸಿದರೆ, ಅದು ಆ ಬರಹವನ್ನು ಓದಿ ಮಾನವನ ಪ್ರೋಟೀನನ್ನೇ ಕಟ್ಟುತ್ತದೆ. 1978ರಲ್ಲಿ ಮಾನವನ ಇನ್ಸುಲಿನ್ನನ್ನು ಹೀಗೆಯೇ ಮಾಡಲಾಯಿತು. 1982ರಿಂದ ಅದು ಔಷಧವಾಗಿ ಬಳಕೆಗೆ ಬಂದಿತು. ನರದ ಹೊದಿಕೆಯ ಪ್ರೋಟೀನುಗಳನ್ನೂ ಅದೇ ಕ್ರಮದಲ್ಲಿ ಬ್ಯಾಕ್ಟೀರಿಯಾಗಳಲ್ಲಿಯೋ ಪ್ರಯೋಗಶಾಲೆಯಲ್ಲಿ ಸಾಕಿದ ಪ್ರಾಣಿಕೋಶಗಳಲ್ಲಿಯೋ ಬೆಳೆಯಿಸಿ, ಇತರ ಪದಾರ್ಥಗಳಿಂದ ಸೋಸಿ ಬೇರ್ಪಡಿಸಿ, ಅತಿಶೀತದಲ್ಲಿ ಕಾಪಾಡುತ್ತಾರೆ. ಸೀಸೆಯೊಂದರಲ್ಲಿರುವುದು ಒಂದು ಸಾಸಿವೆಕಾಳಿನ ತೂಕಕ್ಕಿಂತಲೂ ಕಡಮೆ. ಇದು ರೋಗಿಗೆ ಕೊಡುವ ಔಷಧವಲ್ಲ. ರೋಗವನ್ನು ಅರಿಯುವುದಕ್ಕಾಗಿ ಸಂಶೋಧಕನ ಕೈಯಲ್ಲಿರುವ ಒರೆಗಲ್ಲು.

ಹಿಂದೆ ಈ ಕಾರ್ಯಕ್ಕೆ ದನಕುರಿಗಳ ಮಿದುಳನ್ನೂ ನರಗಳನ್ನೂ ಅರೆದು ಸಾರ ತೆಗೆಯುತ್ತಿದ್ದರು. ಪ್ರಾಣಿಗಳ ಪ್ರೋಟೀನು ಮನುಷ್ಯರದಕ್ಕೆ ಸಮೀಪವಾಗಿದ್ದರೂ ಪೂರ್ತಿಯಾಗಿ ಒಂದೇ ಅಲ್ಲ. ಅದರೊಡನೆ ಬೇರೆ ಪದಾರ್ಥಗಳೂ ಬೆರೆತಿರುತ್ತವೆ. ಪ್ರಾಣಿಗಳ ನರದ ಪದಾರ್ಥವು ನಮ್ಮ ದೇಹವನ್ನು ಸೇರಿದರೆ ಆಗುವ ಅಪಾಯವನ್ನು ನಮ್ಮ ದೇಶವು ಬಹುಕಾಲ ಅನುಭವಿಸಿದೆ. ಹುಚ್ಚುನಾಯಿ ಕಚ್ಚಿದವರಿಗೆ ಹೊಕ್ಕುಳಿನ ಸುತ್ತಲೂ ಹಾಕುತ್ತಿದ್ದ ಹದಿನಾಲ್ಕು ಚುಚ್ಚುಮದ್ದುಗಳನ್ನು ಪೋಷಕರಲ್ಲಿ ಅನೇಕರು ಬಲ್ಲರು. ಆ ಲಸಿಕೆಯನ್ನು ಕುರಿಯ ಮಿದುಳಿನಿಂದ ಮಾಡುತ್ತಿದ್ದರು. ಅದು ಅಸಂಖ್ಯಾತ ಪ್ರಾಣಗಳನ್ನು ಉಳಿಸಿತೆಂಬುದು ನಿಜ. ಆದರೆ ಅದರಲ್ಲಿದ್ದ ಹೊದಿಕೆಯ ಪ್ರೋಟೀನನ್ನು ಶತ್ರುವೆಂದು ಬಗೆದ ದೇಹವು, ಕೆಲವರಲ್ಲಿ, ತನ್ನದೇ ನರಗಳ ಹೊದಿಕೆಯ ಮೇಲೆ ತಿರುಗಿಬಿದ್ದು, ಪಾರ್ಶ್ವವಾಯುವನ್ನು ತಂದುದೂ ಉಂಟು. ಆದುದರಿಂದ 2005ರ ಹೊತ್ತಿಗೆ ನಮ್ಮ ದೇಶದಲ್ಲಿ ಅದನ್ನು ಕೈಬಿಟ್ಟು, ಕೋಶಗಳಲ್ಲಿ ಬೆಳೆಯಿಸಿದ, ಮಿದುಳಿನ ಅಂಶವಿಲ್ಲದ ಲಸಿಕೆಯನ್ನು ತೋಳಿಗೆ ಕೊಡುವ ಕ್ರಮವು ಬಂದಿತು.

ದೇಹವು ತನ್ನ ಹೊದಿಕೆಯ ಮೇಲೆ ತಾನೇ ಮುನಿಯುವ ರೋಗಗಳು ಲಸಿಕೆಯಿಲ್ಲದೆಯೂ ಬರುತ್ತವೆ. ಮಿದುಳಿನಲ್ಲಿ ಈ ಹೊದಿಕೆಯನ್ನು ಮಾಡುವವು ಶ್ವಾನ್ ಕೋಶಗಳಲ್ಲ, ಅವುಗಳ ಸೋದರಿಯರಂತಿರುವ ಬೇರೆ ಕೋಶಗಳು. ಅಲ್ಲಿಯ ಒಂದು ಪ್ರೋಟೀನಿಗೆ ಮಾಗ್ ಎಂದು ಸಂಕ್ಷೇಪನಾಮ. ಕೆಲವು ಮಕ್ಕಳಿಗೂ ತರುಣರಿಗೂ ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದಕ್ಕೆ, ಕಾಲು ಸೋಲುವುದಕ್ಕೆ, ಈ ಮಾಗ್ ಪ್ರೋಟೀನನ್ನು ವಿರೋಧಿಸುವ ಪ್ರತಿಕಾಯಗಳು ರಕ್ತದಲ್ಲಿರುವುದು ಕಾರಣ. ಮಾನವನ ಮಾಗ್ ಪ್ರೋಟೀನನ್ನು ಮೈಮೇಲೆ ಧರಿಸುವಂತೆ ಮಾಡಿದ ಕೋಶಗಳ ಮೇಲೆ ರೋಗಿಯ ರಕ್ತದ್ರವವನ್ನು ಬಿಟ್ಟು ಇದನ್ನು ಪರೀಕ್ಷಿಸುತ್ತಾರೆ. ಇಂಥ ಪರೀಕ್ಷೆಯೂ ಸಂಶೋಧನೆಯೂ ನಮ್ಮ ರಾಜ್ಯದಲ್ಲಿಯೇ, ಮಂಗಳೂರಿನ ಬಳಿಯ ದೇರಳಕಟ್ಟೆಯ ಕೆ. ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ, ಡಾ. ಲೇಖಾ ಪಂಡಿತ್ ಅವರ ನೇತೃತ್ವದಲ್ಲಿ ನಡೆದಿರುವುದು ನಮಗೆ ಸಂತೋಷದ ವಿಷಯ. ನೋಡುವುದಕ್ಕೆ ಒಂದೇ ತೆರನಾದ ರೋಗಗಳಿಗೆ ಚಿಕಿತ್ಸೆಯು ಬೇರೆ ಬೇರೆಯಾಗಿರುವುದರಿಂದ, ಹೀಗೆ ಒರೆ ಹಚ್ಚಿ ನೋಡುವುದರ ಮೇಲೆ ಒಂದು ಮಗುವಿನ ದೃಷ್ಟಿಯೇ ನಿಂತಿರಬಹುದು.

ಕಡೆಯದಾಗಿ ನಮ್ಮ ಊರುಗಳಲ್ಲಿ ಇಂದಿಗೂ ಬಾಯಿಬಿಟ್ಟು ಹೇಳಲು ಜನರು ಅಂಜುವ ರೋಗವೊಂದನ್ನು ಹೆಸರಿಸದೆ ಈ ಚರಿತ್ರೆಯನ್ನು ಮುಗಿಸಲಾಗದು. ಕುಷ್ಠರೋಗದ ಬ್ಯಾಕ್ಟೀರಿಯಾವನ್ನು 1873ರಲ್ಲಿ ನಾರ್ವೆ ದೇಶದ ಹ್ಯಾನ್ಸನ್ ಕಂಡುಹಿಡಿದನು. ಅದು ಮನುಷ್ಯನ ದೇಹದಲ್ಲಿ ಮುಖ್ಯವಾಗಿ ಮನೆಮಾಡುವುದು ಚರ್ಮದಲ್ಲಿ ಮತ್ತು ಶ್ವಾನ್ ಕೋಶಗಳಲ್ಲಿ. ಅದು ಆ ಕೋಶಕ್ಕೆ ಹೇಗೆ ಅಂಟಿಕೊಳ್ಳುವುದೆಂಬುದನ್ನು ತಿಳಿಯಲು, ಶ್ವಾನ್ ಕೋಶವನ್ನು ಹೊರಗಿನಿಂದ ಸುತ್ತಿರುವ ಲ್ಯಾಮಿನಿನ್ ಎಂಬ ಪ್ರೋಟೀನಿನ ಒಂದು ಭಾಗವನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಬಳಸಿದರು. ಬ್ಯಾಕ್ಟೀರಿಯಾ ಹಿಡಿಯುವುದು ಆ ಭಾಗವನ್ನೇ ಎಂದು 1997ರಲ್ಲಿ ಪ್ರಕಟವಾಯಿತು. ಪಿ-ಜೀರೋವಿಗೂ ಅದು ಅಂಟಿಕೊಳ್ಳುವುದೆಂದು ಹೈದರಾಬಾದಿನ ಸಂಶೋಧಕರು 2003ರ ಸುಮಾರಿನಲ್ಲಿ ವರದಿ ಮಾಡಿದರು. ಬೆರಳುಗಳನ್ನು ಈ ಬ್ಯಾಕ್ಟೀರಿಯಾ ತಿನ್ನುವುದಿಲ್ಲ. ನರವು ಕೆಟ್ಟು ಸ್ಪರ್ಶವು ಹೋದ ಕೈಯು, ಒಲೆಯ ಮೇಲಿನ ಪಾತ್ರೆಯು ಸುಡುವುದನ್ನು ಅರಿಯದೆ ಹಿಡಿಯುತ್ತದೆ. ಗಾಯವಾದರೆ ನೋವಿಲ್ಲದುದರಿಂದ ಯಾರೂ ಗಮನಿಸರು. ಅಂಗವು ಕ್ಷಯಿಸುವುದು ಹೀಗೆ.

ಮೈಮೇಲೆ ತಿಳಿಬಿಳಿಯ ಇಲ್ಲವೆ ತಾಮ್ರಬಣ್ಣದ ಮಚ್ಚೆಯು ಕಾಣಿಸಿಕೊಂಡು ಅಲ್ಲಿ ಸ್ಪರ್ಶಜ್ಞಾನವು ಇಲ್ಲದಿದ್ದರೆ, ಅದನ್ನು ಸೆರಗಿನಿಂದ ಮುಚ್ಚಿಕೊಳ್ಳದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಬೇಕು. ಚಿಕಿತ್ಸೆಯು ಉಚಿತ, ರೋಗದ ಬಗೆಗೆ ತಕ್ಕಂತೆ ಆರು ತಿಂಗಳು ಇಲ್ಲವೆ ಹನ್ನೆರಡು ತಿಂಗಳು ಗುಳಿಗೆಗಳನ್ನು ನುಂಗಿದರೆ ರೋಗವು ವಾಸಿಯಾಗುತ್ತದೆ. ಆದರೆ ತಡಮಾಡಿ ಕಳೆದುಕೊಂಡ ಸ್ಪರ್ಶವು ಮರಳಿ ಬರುವುದು ಕಷ್ಟ. ಮಗಳ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಮಚ್ಚೆಯನ್ನು ಮರೆಮಾಡುವ ತಾಯಿತಂದೆಗಳು, ಮದುವೆಯ ಬಳಿಕ ಆ ಮಗಳು ಬಾಳಬೇಕಾದ ಕೈಗಳನ್ನೇ ಕಳೆಯುತ್ತಿರುವರೆಂಬುದನ್ನು ಯೋಚಿಸಬೇಕು.

ಹೊದಿಕೆಯನ್ನು ಯಾರೂ ಹೊಗಳುವುದಿಲ್ಲ. ಹರಿದ ಮೇಲೆಯೇ ಅದರ ಬೆಲೆಯು ತಿಳಿಯುವುದು. ಶ್ವಾನನು ತನ್ನ ಕಾಲದ ನಗೆಗೆ ಎದೆಗುಂದಿ ದೂರದ ಊರಿಗೆ ಹೋದರೂ, ಕಣ್ಣಾರೆ ಕಂಡುದನ್ನು ಕಂಡಂತೆ ಬರೆದಿಟ್ಟುಹೋದನು. ಅವನ ಬರಹದ ಕೆಲವು ಪುಟಗಳ ಮೇಲೆ ಬಾಸ್ಟನ್ನಿನ ವೈದ್ಯೆಯೂ ಹೈದರಾಬಾದಿನ ಸಂಶೋಧಕರೂ ದೇರಳಕಟ್ಟೆಯ ವೈದ್ಯರೂ ಒಬ್ಬರ ಹಿಂದೊಬ್ಬರು ತಮ್ಮ ಪದರವನ್ನು ಸುತ್ತುತ್ತ ಬಂದಿದ್ದಾರೆ. ನಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕದ ಮೇಲೆ ಬಾಗಿ ಈರುಳ್ಳಿಯ ಸಿಪ್ಪೆಯ ಕೋಶಗಳನ್ನು ಮೊದಲ ಬಾರಿಗೆ ಕಂಡ ಹುಡುಗಿಯರಲ್ಲಿ ಮುಂದಿನ ಪದರವನ್ನು ಸುತ್ತುವವಳು ಯಾರೋ ನಾವು ಅರಿಯೆವು. ಅವಳ ಓದನ್ನು ಎಸ್.ಎಸ್.ಎಲ್.ಸಿ.ಗೆ ನಿಲ್ಲಿಸಬಾರದೆಂದು ಪೋಷಕರಲ್ಲಿ ನಮ್ಮ ಪ್ರಾರ್ಥನೆ.